ಒಂದು ಇಳಿದಿದೆ, ಇನ್ನೊಂದು ಎಲ್ಲಿ?

ಹೈದರಾಬಾದಿನ ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲಿ ಈಗ ಮನುಷ್ಯರ ಜತೆಗೆ ನಾಯಿಗಳೂ ದಿನಾ ಸಿಗುತ್ತವೆ. ಪಕ್ಕದ ಕೊಂಡಾಪುರದಲ್ಲಿ ಪಾಲಿಕೆಯವರು 2018ರಲ್ಲಿ ನಾಯಿಗಳಿಗೆಂದೇ ಒಂದು ಉದ್ಯಾನ ತೆರೆದರು. ಬೀದರ್, ರಾಯಚೂರು, ಹುಬ್ಬಳ್ಳಿಗಳಿಂದ ಕೆಲಸಕ್ಕೆ ಬಂದವರು, ಬೆಂಗಳೂರಿನಿಂದ ವರ್ಗವಾಗಿ ಬಂದವರು ಎಂದು ಇಲ್ಲಿ ಕನ್ನಡದ ಮನೆಗಳಿಗೂ ಕೊರತೆಯಿಲ್ಲ. ಆ ಮನೆಗಳಲ್ಲೂ ಲ್ಯಾಬ್ರಡಾರ್, ಷಿಟ್ಜು, ಪಮೇರಿಯನ್, ಹಸ್ಕಿಗಳು ಬೆಳೆಯುತ್ತಿವೆ. ಮರಿಯನ್ನು ಎರಡನೆಯ ಅಥವಾ ಮೂರನೆಯ ಲಸಿಕೆಗೆ ಕರೆದುಕೊಂಡು ಹೋದ ದಿನ ಡಾಕ್ಟರು ಹಿಂಗಾಲುಗಳ ನಡುವೆ ಕೈಯಾಡಿಸಿ, "ಒಂದು ಬೀಜ ಇಳಿದಿಲ್ಲವಲ್ಲ" ಎನ್ನುತ್ತಾರೆ. ಅಲ್ಲಿಗೆ ಮನೆಯಲ್ಲಿ ಗೊಂದಲ ಶುರು.

ಮರಿ ಮಾರಿದವನಿಗೆ ಫೋನ್ ಮಾಡಿದರೆ, "ಏನಾಗಲ್ಲ ಸಾರ್, ಆರು ತಿಂಗಳು ಬಿಡಿ, ತಾನಾಗೇ ಇಳಿಯುತ್ತೆ" ಎನ್ನುತ್ತಾನೆ. ಊರಿನಿಂದ ಬಂದ ಮಾವನವರು, "ಒಂದಿದೆಯಲ್ಲ, ಸಾಕು. ಮೂಕಪ್ರಾಣಿಗೆ ಯಾಕೆ ಕತ್ತರಿ ಹಾಕಿಸ್ತೀರಿ?" ಎನ್ನುತ್ತಾರೆ. ಮಗಳು ಮೊಬೈಲಿನಲ್ಲಿ ಹುಡುಕಿ, ಬೇಗ ಆಪರೇಷನ್ ಮಾಡಿಸಿದರೆ ನಾಯಿಯ ಕೀಲು ಹಾಳಾಗುತ್ತದಂತೆ ಎಂದು ಓದಿ ಹೇಳುತ್ತಾಳೆ. ಡಾಕ್ಟರು ಮಾತ್ರ "ಎರಡನ್ನೂ ತೆಗೆಸಿ" ಎನ್ನುತ್ತಾರೆ. ಈ ನಾಲ್ಕು ಮಾತುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ತೊಡಕು ಇರುವುದು ಬೇರೆ ಕಡೆ. ಗಂಡುನಾಯಿಗೆ ಸಂತಾನಹರಣ ಮಾಡಿಸಬೇಕೇ ಬೇಡವೇ ಎಂಬುದು ಒಂದು ಪ್ರಶ್ನೆ. ಬೀಜ ಒಳಗೇ ಉಳಿದ ನಾಯಿಗೆ ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇವತ್ತಿಗೂ ಒಂದೇ ಉತ್ತರವಿಲ್ಲ. ಎರಡನೆಯದಕ್ಕೆ ಬಹುಮಟ್ಟಿಗೆ ಇದೆ. ನಾವು ಮೊದಲನೆಯದರ ಅನುಮಾನಗಳನ್ನೆಲ್ಲ ತಂದು ಎರಡನೆಯದರ ಮೇಲೆ ಸುರಿಯುತ್ತೇವೆ.

ಗರ್ಭದಲ್ಲಿ ವೃಷಣಗಳು ಹುಟ್ಟುವುದು ಮೂತ್ರಪಿಂಡಗಳ ಹಿಂದೆ, ಹೊಟ್ಟೆಯ ಒಳಗೆ. ಅಲ್ಲಿಂದ ಒಂದು ನಾರಿನಂಥ ಪಟ್ಟಿ ಅವನ್ನು ಕೆಳಕ್ಕೆ ದಾರಿ ತೋರಿಸುತ್ತ ತೊಡೆಸಂದಿಯ ಕಿರುದಾರಿಯವರೆಗೆ ತರುತ್ತದೆ. ಮನುಷ್ಯರಲ್ಲಿ ಈ ಪ್ರಯಾಣ ಸಾಮಾನ್ಯವಾಗಿ ಹೆರಿಗೆಗೆ ಮೊದಲೇ ಮುಗಿದಿರುತ್ತದೆ. ನಾಯಿಯಲ್ಲಿ ಹಾಗಲ್ಲ. ಮರಿ ಹುಟ್ಟಿದ ಮೂರು–ನಾಲ್ಕು ದಿನಗಳಲ್ಲಿ ವೃಷಣ ಆ ಕಿರುದಾರಿಯನ್ನು ದಾಟುತ್ತದೆ, ವೃಷಣದ ಚೀಲದಲ್ಲಿ ನೆಲೆಗೊಳ್ಳುವುದು ಸುಮಾರು ಐದನೆಯ ವಾರಕ್ಕೆ. ಎಂಟು ವಾರ ತುಂಬಿದಾಗ ಎರಡೂ ಕೈಗೆ ಸಿಗಬೇಕು. ಸಿಗದಿದ್ದರೆ ಅನುಮಾನ ಪಡಬಹುದು, ತೀರ್ಮಾನಕ್ಕೆ ಬರಬಾರದು. ತೊಡೆಸಂದಿಯ ದಾರಿ ಆರು ತಿಂಗಳ ಹೊತ್ತಿಗೆ ಮುಚ್ಚಿಕೊಳ್ಳುವುದರಿಂದ ಅಲ್ಲಿಯವರೆಗೆ ಕಾಯುವುದು ರೂಢಿ. ಆದರೆ ನಾಲ್ಕು ತಿಂಗಳಾದ ಮೇಲೆ ಇಳಿಯುವುದು ಅಪರೂಪ. ಹಾಗಾಗಿ "ಆರು ತಿಂಗಳು ಬಿಡಿ" ಎಂಬ ಮಾತಿನಲ್ಲಿ ಸತ್ಯವಿದೆ. ಅದನ್ನು ವರ್ಷ, ಎರಡು ವರ್ಷಕ್ಕೆ ಎಳೆದಾಗ ಆ ಸತ್ಯ ಮುಗಿಯುತ್ತದೆ.

ದೇಹದ ಈ ಲೆಕ್ಕಕ್ಕೂ ಮಾರುಕಟ್ಟೆಯ ಲೆಕ್ಕಕ್ಕೂ ಹೊಂದಾಣಿಕೆಯಿಲ್ಲ. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಸಾಕಣೆಗಾರ ನೋಂದಾಯಿಸಿಕೊಂಡಿರಬೇಕು. ಬೀದಿಯಲ್ಲಿ ನಡೆಯುವುದು ಬೇರೆ. ಮೂವತ್ತೈದು, ನಲವತ್ತು ದಿನದ ಮರಿ ಕಾರಿನ ಹಿಂದಿನ ಸೀಟಿನಲ್ಲಿ, ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬರುತ್ತದೆ. ಆ ವಯಸ್ಸಿನಲ್ಲಿ ಬೀಜ ಇಳಿದಿದೆಯೇ ಎಂದು ಯಾರೂ ಖಚಿತವಾಗಿ ಹೇಳಲಾರರು, ಕೊಳ್ಳುವವರು ಕೇಳುವುದೂ ಇಲ್ಲ. ಎಂಟು ವಾರದ ನಿಯಮವನ್ನು ತಂದದ್ದು ಮರಿ ತಾಯಿಯ ಜತೆ ಇನ್ನಷ್ಟು ದಿನ ಇರಲಿ ಎಂದು. ಅದನ್ನು ಪಾಲಿಸಿದ್ದರೆ ಈ ದೋಷವೂ ಮಾರುವವನ ಅಂಗಳದಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಈ ದೋಷ ಅಪರೂಪದ್ದೇನಲ್ಲ. ಯಾವ ತಳಿ, ಎಲ್ಲಿ ಎಣಿಸಿದರು ಎಂಬುದನ್ನು ಅವಲಂಬಿಸಿ ನೂರಕ್ಕೆ ಒಂದರಿಂದ ಹತ್ತರವರೆಗೆ ಗಂಡುಮರಿಗಳಲ್ಲಿ ಕಂಡಿರುವ ವರದಿಗಳಿವೆ. ಹೆಚ್ಚಾಗಿ ಒಂದೇ ಕಡೆಯದು ಉಳಿಯುತ್ತದೆ, ಅದರಲ್ಲೂ ಬಲಗಡೆಯದು. ಬಲ ಮೂತ್ರಪಿಂಡ ಎಡದ್ದಕ್ಕಿಂತ ಮುಂದಿರುವುದರಿಂದ ಆ ಕಡೆಯ ವೃಷಣಕ್ಕೆ ದಾರಿ ಉದ್ದ ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಚಿವಾವಾ, ಪಮೇರಿಯನ್, ಯಾರ್ಕ್‌ಷೈರ್ ಟೆರಿಯರ್, ಟಾಯ್ ಪೂಡಲ್‌ನಂಥ ಪುಟ್ಟ ತಳಿಗಳಲ್ಲಿ ಹೆಚ್ಚು. ದೊಡ್ಡ ನಾಯಿಗಳಲ್ಲಿ ಬಾಕ್ಸರ್, ಜರ್ಮನ್ ಷೆಫರ್ಡ್, ಹಸ್ಕಿ ಹೆಸರು ಮತ್ತೆ ಮತ್ತೆ ಬರುತ್ತದೆ. ಉಳಿದದ್ದು ಮೂರು ಕಡೆ ಎಲ್ಲಾದರೂ ಇರಬಹುದು: ಹೊಟ್ಟೆಯೊಳಗೆ, ತೊಡೆಸಂದಿಯ ದಾರಿಯಲ್ಲಿ, ಇಲ್ಲವೇ ದಾರಿ ದಾಟಿ ಚೀಲ ತಲುಪದೆ ಚರ್ಮದಡಿಯಲ್ಲಿ. ಒಂದು ವೃಷಣ ಹುಟ್ಟಿಯೇ ಇಲ್ಲ ಎನ್ನುವ ಸಂದರ್ಭ ತೀರಾ ವಿರಳ. ಕಾಣುತ್ತಿಲ್ಲ ಎಂದರೆ ಎಲ್ಲೋ ಒಳಗಿದೆ ಎಂದೇ ತಿಳಿಯಬೇಕು.

ಕೈಯಲ್ಲಿ ಹುಡುಕುವುದು ಸುಲಭದ ಕೆಲಸವಲ್ಲ. ಹೆದರಿದ ಮರಿ, ಚಳಿಯಾದ ಮರಿ ಇಳಿದ ಬೀಜವನ್ನೂ ಮೇಲಕ್ಕೆ ಎಳೆದುಕೊಳ್ಳುತ್ತದೆ. ತೊಡೆಸಂದಿಯ ಕೊಬ್ಬಿನ ಗಂಟು, ದುಗ್ಧಗ್ರಂಥಿ ಬೆರಳಿಗೆ ವೃಷಣದಂತೆಯೇ ತಾಗಿ ಮೋಸ ಮಾಡುತ್ತವೆ. ಒಳಗುಳಿದದ್ದು ಚಿಕ್ಕದಾಗಿ, ಮೆತ್ತಗೆ ಇರುವುದರಿಂದ ಇದ್ದರೂ ಸಿಗದಿರಬಹುದು. ಸ್ಕ್ಯಾನಿಂಗ್ ಈ ಕೆಲಸಕ್ಕೆ ಬರುತ್ತದೆ, ಆದರೆ ಹೊಟ್ಟೆಯೊಳಗಿನ ಕಿರಿದಾದ ವೃಷಣವನ್ನು ಕರುಳಿನ ನಡುವೆ ಗುರುತಿಸಲು ನುರಿತ ಕಣ್ಣು ಬೇಕು.

ಹಾಗೇ ಬಿಟ್ಟರೆ ಏನಾಗುತ್ತದೆ? ಮೈಯೊಳಗಿನ ಬಿಸಿಯಲ್ಲಿ ವೀರ್ಯಾಣು ತಯಾರಾಗುವುದಿಲ್ಲ. ಎರಡೂ ಒಳಗಿದ್ದರೆ ನಾಯಿಗೆ ಮರಿಯಾಗುವುದಿಲ್ಲ. ಆದರೆ ಗಂಡು ಹಾರ್ಮೋನು ಒಳಗಿದ್ದೇ ಸುರಿಯುತ್ತಿರುತ್ತದೆ, ಆದ್ದರಿಂದ ಗಂಡುನಾಯಿಯ ವರ್ತನೆಯೆಲ್ಲ ಇದ್ದೇ ಇರುತ್ತದೆ. ಒಂದು ಇಳಿದಿದ್ದರೆ ಮರಿಯೂ ಆಗುತ್ತದೆ. ಮೊದಲ ಕೆಲವು ವರ್ಷ ಯಾವ ಲಕ್ಷಣವೂ ಕಾಣದು. ಮನೆಯವರು ಮರೆಯುತ್ತಾರೆ.

ಅಪಾಯ ನಡುವಯಸ್ಸಿನ ನಂತರ. 1976ರಲ್ಲಿ ಹೇಸ್ ಮತ್ತು ಪೆಂಡರ್‌ಗ್ರಾಸ್ ಎಂಬ ಸಂಶೋಧಕರು ವೃಷಣದ ಗೆಡ್ಡೆ ಇದ್ದ 410 ನಾಯಿಗಳ ದಾಖಲೆಗಳನ್ನು ನೋಡಿ, ಬೀಜ ಇಳಿಯದ ನಾಯಿಗಳಲ್ಲಿ ಗೆಡ್ಡೆಯ ಸಂಭವ ಮಿಕ್ಕ ಗಂಡುನಾಯಿಗಳಿಗಿಂತ ಸುಮಾರು 13 ಪಟ್ಟು ಹೆಚ್ಚು ಎಂದರು. 1985ರಲ್ಲಿ ಹೇಸ್ ಮತ್ತೆ ನಡೆಸಿದ ಅಧ್ಯಯನದಲ್ಲಿ ಅದು ಸುಮಾರು 9 ಪಟ್ಟಿಗೆ ಬಂತು. ಇವತ್ತು ಎಲ್ಲ ಪಶುವೈದ್ಯರ ಬಾಯಲ್ಲೂ ಬರುವ "ಹತ್ತು ಪಟ್ಟು ಕ್ಯಾನ್ಸರ್" ಎಂಬ ಮಾತಿನ ಬೇರು ಇಲ್ಲಿದೆ. ಈ ಮಾತನ್ನು ಎಚ್ಚರದಿಂದ ಕೇಳಬೇಕು. ಹತ್ತು ಪಟ್ಟು ಎಂದರೆ ಎಲ್ಲ ನಾಯಿಗೂ ಬರುತ್ತದೆ ಎಂದಲ್ಲ. ಬಂದ ಗೆಡ್ಡೆಗಳಲ್ಲೂ ಬೇರೆ ಅಂಗಕ್ಕೆ ಹರಡುವವು ಕೆಲವೇ. ಡಾಕ್ಟರು ಹೆದರಿಸಿದ ಕಾರಣಕ್ಕೇ ನಾಳೆ ಬೆಳಿಗ್ಗೆ ಆಪರೇಷನ್ನಿಗೆ ಓಡಬೇಕಾಗಿಲ್ಲ.

ಹಾಗೆಂದು ಕ್ಯಾನ್ಸರ್ ಹರಡುವುದೊಂದೇ ಭಯವಲ್ಲ. ಒಳಗುಳಿದ ವೃಷಣದಲ್ಲಿ ಹೆಚ್ಚಾಗಿ ಕಾಣುವ ಸರ್ಟೋಲಿ ಕೋಶಗಳ ಗೆಡ್ಡೆ ಹೆಣ್ಣು ಹಾರ್ಮೋನನ್ನು ಸುರಿಸಬಲ್ಲದು. ಆಗ ಗಂಡುನಾಯಿಯ ಮೊಲೆತೊಟ್ಟುಗಳು ಊದುತ್ತವೆ, ಎರಡೂ ಪಕ್ಕೆಗಳಲ್ಲಿ ಒಂದೇ ರೀತಿ ಕೂದಲು ಉದುರುತ್ತದೆ, ಬೇರೆ ಗಂಡುನಾಯಿಗಳು ಹೆಣ್ಣೆಂದು ತಿಳಿದು ಹಿಂದೆ ಬೀಳುತ್ತವೆ. ಪಾರ್ಕಿನಲ್ಲಿ ಜನ ನಗುತ್ತಾರೆ. ನಗುವ ವಿಷಯ ಅದಲ್ಲ. ಆ ಹಾರ್ಮೋನು ಮೂಳೆಯ ಮಜ್ಜೆಯನ್ನು ಹಿಂಡಿಬಿಟ್ಟರೆ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕುಸಿಯುತ್ತವೆ. ಆ ಹಂತ ತಲುಪಿದ ಮೇಲೆ ಗೆಡ್ಡೆ ತೆಗೆದರೂ ಕೆಲವು ನಾಯಿಗಳು ಉಳಿಯುವುದಿಲ್ಲ.

ನಮ್ಮ ಕಡೆ ಇಲ್ಲಿ ಇನ್ನೊಂದು ಬಲೆಯಿದೆ. ಹೈದರಾಬಾದಿರಲಿ ಬೆಂಗಳೂರಿರಲಿ, ಪ್ಲೇಟ್‌ಲೆಟ್ ಇಳಿದ ನಾಯಿ ಬಂದರೆ ಮೊದಲು ಹೊಳೆಯುವುದು ಉಣ್ಣೆಜ್ವರ. ಕಂದು ಉಣ್ಣೆಯಿಂದ ಬರುವ ಎರ್ಲಿಕಿಯಾ ಸೋಂಕು ಇಲ್ಲಿ ಅಷ್ಟು ಸಾಮಾನ್ಯ. ಡಾಕ್ಸಿಸೈಕ್ಲಿನ್ ಮಾತ್ರೆ ಶುರುವಾಗುತ್ತದೆ, ಬಹಳ ಸಲ ಅದು ಸರಿಯೂ ಆಗಿರುತ್ತದೆ. ಆದರೆ ಎಂಟು–ಹತ್ತು ವರ್ಷದ ಗಂಡುನಾಯಿಗೆ ಒಂದು ಬೀಜ ಇಳಿದೇ ಇರಲಿಲ್ಲ ಎಂಬುದನ್ನು ಮನೆಯವರು ಹೇಳದಿದ್ದರೆ, ಹೊಸ ಡಾಕ್ಟರು ಬಾಲ ಎತ್ತಿ ನೋಡದಿದ್ದರೆ, ಹೊಟ್ಟೆಯೊಳಗಿನ ಗೆಡ್ಡೆ ಉಣ್ಣೆಜ್ವರದ ಹೆಸರಿನಲ್ಲಿ ವಾರಗಟ್ಟಲೆ ಬೆಳೆಯಬಹುದು. ಹತ್ತು ಪಟ್ಟಿನ ಲೆಕ್ಕಕ್ಕಿಂತ ನನಗೆ ಈ ಸಾಧ್ಯತೆಯೇ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಚೀಲದಲ್ಲಿರುವ ಬೀಜ ದಪ್ಪಗಾದರೆ ಸ್ನಾನ ಮಾಡಿಸುವಾಗಲೇ ಗೊತ್ತಾಗುತ್ತದೆ, ಹೊಟ್ಟೆಯೊಳಗಿನದು ತಿಳಿಯುವುದು ತಡವಾದ ಮೇಲೆಯೇ. ದಪ್ಪಗಾದ ವೃಷಣ ತನ್ನ ನಾಳದ ಮೇಲೆ ತಿರುಚಿಕೊಂಡು ದಿಢೀರ್ ಹೊಟ್ಟೆನೋವು ತರುವುದೂ ಉಂಟು. ಆಗ ಅದು ನಡುರಾತ್ರಿಯ ತುರ್ತು ಶಸ್ತ್ರಚಿಕಿತ್ಸೆ.

ಇನ್ನು ಮಗಳು ಮೊಬೈಲಿನಲ್ಲಿ ಓದಿದ ಕೀಲಿನ ವಿಷಯ. ಇದರ ಹಿಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರ ದೀರ್ಘ ಕೆಲಸವಿದೆ. ಇದೇ ಹಾರ್ಟ್ 1976ರಲ್ಲಿ, ವಯಸ್ಕ ಗಂಡುನಾಯಿಗಳ ಬೀಜ ತೆಗೆದರೆ ಅಲೆದಾಟ, ಕಂಡಲ್ಲಿ ಉಚ್ಚೆ ಹೊಯ್ಯುವುದು, ಬೇರೆ ಗಂಡುಗಳ ಮೇಲೆ ಏರಿಹೋಗುವುದು ಎಷ್ಟು ತಗ್ಗುತ್ತದೆ ಎಂದು ನೋಡಿದ ಅಧ್ಯಯನದಲ್ಲಿಯೂ ಇದ್ದರು. ಅಲೆದಾಟ ಬಹುಪಾಲು ನಾಯಿಗಳಲ್ಲಿ ಇಳಿಯಿತು, ಉಚ್ಚೆಯ ಗುರುತು ಸುಮಾರು ಅರ್ಧದಷ್ಟು ನಾಯಿಗಳಲ್ಲಿ ಮಾತ್ರ. 2013ರಲ್ಲಿ ಅವರ ತಂಡ 759 ಗೋಲ್ಡನ್ ರಿಟ್ರೀವರ್‌ಗಳ ದಾಖಲೆ ನೋಡಿ, ವರ್ಷ ತುಂಬುವ ಮೊದಲೇ ಆಪರೇಷನ್ ಆದ ಗಂಡುಗಳಲ್ಲಿ ಸೊಂಟದ ಕೀಲಿನ ದೋಷ ಸುಮಾರು 10% ಎಂದು ಕಂಡಿತು. ಆಪರೇಷನ್ ಆಗದವುಗಳಲ್ಲಿ ಅದು ಹೆಚ್ಚುಕಡಿಮೆ ಅದರ ಅರ್ಧ. 2020ರಲ್ಲಿ 35 ತಳಿಗಳಿಗೆ ಇದನ್ನು ವಿಸ್ತರಿಸಿದಾಗ ದೊಡ್ಡ ತಳಿಗಳು ಹಲವು ಇದೇ ಕಥೆ ಹೇಳಿದವು, ಚಿಕ್ಕ ತಳಿಗಳಲ್ಲಿ ಕೀಲಿನ ತೊಂದರೆ ಹೆಚ್ಚಲಿಲ್ಲ. ಬೆಳೆಯುವ ಮೂಳೆಯ ತುದಿಗಳು ಸಕಾಲಕ್ಕೆ ಮುಚ್ಚಿಕೊಳ್ಳಲು ವೃಷಣದ ಹಾರ್ಮೋನು ಬೇಕು. ಅದು ಬೇಗ ನಿಂತರೆ ಕಾಲಿನ ಮೂಳೆ ಅಳತೆ ಮೀರಿ ಉದ್ದವಾಗಿ ಕೀಲಿನ ಹೊಂದಾಣಿಕೆ ತಪ್ಪುತ್ತದೆ ಎಂಬುದು ವಿವರಣೆ.

ಆದ್ದರಿಂದ ಎರಡೂ ಬೀಜ ನೆಟ್ಟಗೆ ಇಳಿದ ಲ್ಯಾಬ್ರಡಾರಿಗೆ ಆಪರೇಷನ್ ಬೇಡವೆಂದು ಯಾರಾದರೂ ತೀರ್ಮಾನಿಸಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಮುದಿತನದಲ್ಲಿ ಪ್ರಾಸ್ಟೇಟ್ ಊದುವುದು, ಗುದದ ಸುತ್ತ ಗಂಟುಗಳು ಬರುವುದು ಇವೆಲ್ಲ ತಪ್ಪುತ್ತವೆ ಎಂಬ ಲಾಭ ಒಂದು ಕಡೆ, ಕೀಲು ಮತ್ತು ಬೊಜ್ಜಿನ ನಷ್ಟ ಇನ್ನೊಂದು ಕಡೆ. ತೂಗಿ ನೋಡಿ ಅವರವರು ನಿರ್ಧರಿಸಲಿ. ಹೆದರಿಕೆಯಿಂದ ಕಚ್ಚುವ ನಾಯಿ ಆಪರೇಷನ್ನಿನಿಂದ ಧೈರ್ಯವಂತನಾಗುವುದಿಲ್ಲ ಎಂಬುದನ್ನೂ ತಿಳಿದಿರಲಿ. ಆದರೆ ಒಳಗೆ ಬೀಜ ಉಳಿದ ನಾಯಿಗೆ ಈ ಅಧ್ಯಯನಗಳು ಹೇಳುವುದು "ಬೇಡ" ಎಂದಲ್ಲ, "ಯಾವಾಗ" ಎಂದು ಮಾತ್ರ. ಗೆಡ್ಡೆ ಬರುವುದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ, ಮೂಳೆ ಬಲಿಯುವುದು ಒಂದೂವರೆ ವರ್ಷದೊಳಗೆ. ಈ ಎರಡರ ನಡುವೆ ಧಾರಾಳವಾಗಿ ಸಮಯವಿದೆ. ಪಮೇರಿಯನ್‌ಗೆ ಆರು ತಿಂಗಳಾಗಿ ಖಚಿತವಾದ ಮೇಲೆ ಮಾಡಿಸಬಹುದು. ಗೋಲ್ಡನ್, ಲ್ಯಾಬ್ರಡಾರ್, ಷೆಫರ್ಡ್, ರಾಟ್‌ವೈಲರ್‌ಗಳಿಗೆ ಒಂದರಿಂದ ಒಂದೂವರೆ ವರ್ಷದವರೆಗೆ ಬೆಳೆಯಲು ಬಿಟ್ಟು ಮಾಡಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಹಾಗೆ ಕಾಯುವವರು ಕ್ಯಾಲೆಂಡರಿನಲ್ಲಿ ಬರೆದಿಡಲಿ, ಏಕೆಂದರೆ ಆಟವಾಡಿಕೊಂಡು ಚೆನ್ನಾಗಿರುವ ನಾಯಿಯನ್ನು ಆಪರೇಷನ್ನಿಗೆ ಒಯ್ಯುವ ಮನಸ್ಸು ಯಾರಿಗೂ ತಾನಾಗಿ ಬರುವುದಿಲ್ಲ.

ಅಡ್ಡದಾರಿಗಳೂ ಇವೆ. ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಇಳಿಸುತ್ತೇವೆ ಎನ್ನುವವರಿದ್ದಾರೆ. ನಾಯಿಗಳಲ್ಲಿ ಇದು ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ಇಳಿದವು ಇಂಜೆಕ್ಷನ್ ಇಲ್ಲದೆಯೂ ಇಳಿಯುತ್ತಿದ್ದವೋ ಏನೋ. ಬೀಜವನ್ನು ಎಳೆದು ಚೀಲದಲ್ಲಿ ಹೊಲಿದು ನಿಲ್ಲಿಸುವುದು ಮಕ್ಕಳಲ್ಲಿ ಸರಿಯಾದ ಚಿಕಿತ್ಸೆ, ನಾಯಿಯಲ್ಲಿ ದೋಷ ಮುಚ್ಚಿಡುವ ಉಪಾಯ. ಒಳಗಿನದನ್ನು ಮಾತ್ರ ತೆಗೆಸಿ, ಹೊರಗಿನದನ್ನು ಉಳಿಸಿಕೊಂಡು, "ಮೇಟಿಂಗ್‌ಗೆ ಬೇಕು" ಎನ್ನುವುದು ಮೂರನೆಯದು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚು ಕೇಳಿಬರುವುದೂ ಇದೇ. ಗಂಡುನಾಯಿಯನ್ನು ಕೊಟ್ಟವರಿಗೆ ಹಣ, ಇಲ್ಲವೇ ಹುಟ್ಟಿದ ಮರಿಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕು. ಆದರೆ ಈ ದೋಷ ವಂಶದಲ್ಲಿ ಹರಿಯುವಂಥದ್ದು. ತೋರುವುದು ಗಂಡಿನಲ್ಲಿ ಮಾತ್ರ, ಹೊತ್ತು ತರುವುದು ತಾಯಿಯೂ ಹೌದು ತಂದೆಯೂ ಹೌದು. ಒಂದೇ ಜೀನಿನ ಸರಳ ಲೆಕ್ಕ ಇದಲ್ಲ, ಹಲವು ಸೇರಿರುವಂತಿದೆ. ಹಾಗಾಗಿ ಒಂದು ಸೂಲಿನಲ್ಲಿ ಇಂಥ ಒಂದು ಗಂಡು ಹುಟ್ಟಿದರೆ ಜವಾಬ್ದಾರಿಯ ಸಾಕಣೆಗಾರ ಆ ತಂದೆತಾಯಿಗಳನ್ನು ಮತ್ತೆ ಕೂಡಿಸುವುದಿಲ್ಲ, ನೋಡಲು ಸರಿಯಿರುವ ಒಡಹುಟ್ಟುಗಳ ಬಗ್ಗೆಯೂ ಎಚ್ಚರ ವಹಿಸುತ್ತಾನೆ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ತನ್ನ ತಳಿ ಮಾನದಂಡಗಳಲ್ಲಿ, ಗಂಡಿಗೆ ಪೂರ್ತಿ ಇಳಿದ ಎರಡು ಸಹಜ ವೃಷಣಗಳಿರಬೇಕು ಎಂಬ ಸಾಲನ್ನು ಸೇರಿಸಿರುವುದು ಅಂದಕ್ಕಲ್ಲ.

ಕರ್ನಾಟಕಕ್ಕೆ ಈ ಮಾತು ಹತ್ತಿರದ್ದು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ, ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಮುಧೋಳ ನಾಯಿಯ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಘೋರ್ಪಡೆ ಅರಸರು ಕಾಪಾಡಿಕೊಂಡು ಬಂದ ಈ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು, ಮುಂದೆ ಸೇನೆಯ ತರಬೇತಿಗೂ ಹೋಯಿತು, 2020ರಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲಿ ಅದರ ಹೆಸರು ಬಂತು. ಹೆಸರು ಬಂದ ತಳಿಗೆ ಬೇಡಿಕೆ ಬರುತ್ತದೆ, ಬೇಡಿಕೆ ಬಂದಾಗ ಸಿಕ್ಕ ಗಂಡನ್ನೆಲ್ಲ ಬಳಸುವ ಆಸೆ ಬರುತ್ತದೆ. ಸಂಖ್ಯೆ ಕಡಿಮೆಯಿರುವ ತಳಿಯಲ್ಲಿ ಒಂದು ದೋಷವುಳ್ಳ ಗಂಡು ಹಲವು ಊರಿಗೆ ತಂದೆಯಾದರೆ ಅದನ್ನು ಮತ್ತೆ ಹಿಂದಕ್ಕೆ ತೆಗೆಯುವುದು ಸುಲಭವಲ್ಲ. ಮುಧೋಳ ಮರಿ ಕೊಳ್ಳುವವರು ಉದ್ದ ಮುಖ, ಸಣ್ಣ ನಡು ನೋಡುವಷ್ಟೇ ಗಮನದಿಂದ ಇದನ್ನೂ ನೋಡಲಿ.

ಆಪರೇಷನ್ನಿಗೆ ಬರೋಣ. ಇಳಿದ ಬೀಜ ತೆಗೆಯುವುದು ಅನುಭವಸ್ಥರಿಗೆ ಕೆಲವೇ ನಿಮಿಷಗಳ ಕೆಲಸ. ಒಳಗಿನದನ್ನು ತೆಗೆಯುವುದು ಹುಡುಕಾಟದ ಕೆಲಸ. ತೊಡೆಸಂದಿಯಲ್ಲಿದ್ದರೆ ಅಲ್ಲೊಂದು ಸಣ್ಣ ಗಾಯ ಸಾಕು. ಹೊಟ್ಟೆಯಲ್ಲಿದ್ದರೆ ಹೊಟ್ಟೆ ತೆರೆಯಬೇಕು, ಇಲ್ಲವೇ ಸೌಲಭ್ಯವಿರುವ ಕಡೆ ಲ್ಯಾಪ್ರೊಸ್ಕೋಪಿ. ತಿಳಿದವರು ಮೂತ್ರಕೋಶದ ಹಿಂದೆ ವೀರ್ಯನಾಳವನ್ನು ಗುರುತಿಸಿ ಅದರ ಜಾಡು ಹಿಡಿದು ವೃಷಣದವರೆಗೆ ಹೋಗುತ್ತಾರೆ. ಸಣ್ಣ ರಂಧ್ರ ಮಾಡಿ ಕೊಕ್ಕೆ ಹಾಕಿ ತಡಕಾಡಿದಲ್ಲಿ ಮೂತ್ರನಾಳಕ್ಕೂ ಪ್ರಾಸ್ಟೇಟಿಗೂ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಆದ್ದರಿಂದ ಗಲ್ಲಿಯ ತಿರುವಿನ ಕ್ಲಿನಿಕ್ ಲಸಿಕೆಗೆ ಎಷ್ಟೇ ಒಳ್ಳೆಯದಿರಲಿ, ಡಾಕ್ಟರನ್ನು ನೇರವಾಗಿ ಕೇಳಬೇಕು: ಹೊಟ್ಟೆಯೊಳಗಿನದನ್ನು ಮೊದಲು ತೆಗೆದಿದ್ದೀರಾ? ಅರಿವಳಿಕೆ ಗ್ಯಾಸಿನದೋ ಇಂಜೆಕ್ಷನ್ನಿನದೋ? ಆಪರೇಷನ್ ನಡೆಯುವಾಗ ಉಸಿರು, ನಾಡಿ ನೋಡಿಕೊಳ್ಳಲು ಬೇರೆಯವರು ಇರುತ್ತಾರಾ? ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಗಚ್ಚಿಬೌಲಿಯವರಿಗೆ ಸಣ್ಣ ಕ್ಲಿನಿಕ್ಕಿನ ಆಚೆಗೂ ದಾರಿಗಳಿವೆ. ರಾಜೇಂದ್ರನಗರದಲ್ಲಿ ತೆಲಂಗಾಣ ಪಶುವೈದ್ಯ ವಿಶ್ವವಿದ್ಯಾಲಯದ ಕಾಲೇಜಿದೆ, ನಾರಾಯಣಗೂಡದಲ್ಲಿ ಸರ್ಕಾರದ ಸೂಪರ್ ಸ್ಪೆಷಾಲಿಟಿ ಪಶು ಆಸ್ಪತ್ರೆಯಿದೆ. ಕಾಯಬೇಕಾಗಬಹುದು, ಆದರೆ ಕಲಿಸುವ ಜಾಗದಲ್ಲಿ ಕೈಗಳು ಹೆಚ್ಚು ನೋಡಿರುತ್ತವೆ.

ಮೊದಲು ರಕ್ತಪರೀಕ್ಷೆ ಬೇಕೇ ಬೇಕು. ಉಣ್ಣೆಜ್ವರ ಒಳಗೊಳಗೆ ಇದ್ದು ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಸಣ್ಣ ಗಾಯವೂ ರಕ್ತ ನಿಲ್ಲದೆ ಕಾಡುತ್ತದೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮುಖದವುಗಳಿಗೆ ಅರಿವಳಿಕೆಯಿಂದ ಎಚ್ಚರಾಗುವ ಹೊತ್ತೇ ಕಷ್ಟದ್ದು, ಅವಕ್ಕೆ ಏಪ್ರಿಲ್–ಮೇ ಸೆಕೆಯಲ್ಲಿ ಆಪರೇಷನ್ ಮಾಡಿಸದೆ ನವೆಂಬರಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಆಮೇಲೆ ಹತ್ತು–ಹದಿನಾಲ್ಕು ದಿನ ಹೊಲಿಗೆ ನೆಕ್ಕದಂತೆ ಕೊರಳಿಗೆ ಲಾಳಿಕೆಯಾಕಾರದ ಕಾಲರ್, ಜಿಗಿತಕ್ಕೆ ಕಡಿವಾಣ. ಊಟ ಕಾಲುಭಾಗದಷ್ಟು ಇಳಿಸಬೇಕು. ಆಪರೇಷನ್ ಆದ ನಾಯಿ ದಪ್ಪವಾಗುವುದು ಆಪರೇಷನ್ನಿನ ಕೈಯಿಂದ ಅರ್ಧ, ಅಜ್ಜಿಯ ಕೈಯಿಂದ ಅರ್ಧ.

ಮಾವನವರ ಮಾತಿಗೂ ಉತ್ತರ ಕೊಡಬೇಕಲ್ಲ. ನಮ್ಮ ಹಳ್ಳಿಗಳಲ್ಲಿ ಹೋರಿಯ ಬೀಜ ಒಡೆಸಿ ಎತ್ತು ಮಾಡುವುದು ಎಂದಿನಿಂದಲೂ ನಡೆದಿದೆ. ಅರಿವಳಿಕೆಯಿಲ್ಲದೆ, ಕೆಡವಿ ಕಟ್ಟಿಹಾಕಿ. ಅದನ್ನು ನೋಡುತ್ತ ಬೆಳೆದವರೇ ನಾಯಿಯ ವಿಷಯ ಬಂದಾಗ "ಪಾಪ" ಎನ್ನುತ್ತಾರೆ. ನಾಯಿ ಈಗ ಮನೆಯ ಮಗ, ಎತ್ತು ಕೆಲಸದ ಪ್ರಾಣಿ. ಜತೆಗೆ, ಹೇಳಲು ಸಂಕೋಚವಾದರೂ, ಮನೆಯ ಗಂಡಸರು ಈ ಮಾತು ಬಂದಾಗ ಕಾಲು ಮಡಚಿ ಕೂರುತ್ತಾರೆ. ತನ್ನ ಗಂಡಸುತನ ಹೋಯಿತೆಂದು ಕೊರಗುವ ನಾಯಿಯನ್ನು ಮಾತ್ರ ನಾನು ಕಂಡಿಲ್ಲ. ಒಳಗಿನ ಬೀಜ ಕಾಣುವಂಥದ್ದೂ ಅಲ್ಲ, ಅದರ ಬಗ್ಗೆ ಮರುಕಪಡಲು ನಾಯಿಗೆ ಕಾರಣವೇ ಇಲ್ಲ.

ಬೀದಿನಾಯಿಗಳ ಮಾತು ಬೇರೆ, ಆದರೂ ಒಂದು ಎಳೆ ಇಲ್ಲಿಗೆ ತಾಗುತ್ತದೆ. 2023ರ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಆಪರೇಷನ್, ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ರೇಬಿಸ್ ತಗುಲಿದ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಮಿಕ್ಕವಕ್ಕೆ ಇದನ್ನೇ ಎತ್ತಿಹಿಡಿಯಿತು. ಕಿವಿಯ ತುದಿ ಕತ್ತರಿಸಿದ ಗುರುತಿದ್ದರೆ ಆಪರೇಷನ್ ಆಗಿದೆ ಎಂದು ಅರ್ಥ. ಹಾಗೆ ಗುರುತಿರುವ, ಬೀಜ ಕಾಣದ ಗಂಡನ್ನು ದತ್ತು ತಂದ ಮೇಲೂ ಅದು ಹೆಣ್ಣುಗಳ ಹಿಂದೆ ಹುಚ್ಚಾಗಿ ಓಡುತ್ತಿದ್ದರೆ, ಒಳಗೊಂದು ಉಳಿದಿದೆಯೇ ಎಂಬ ಅನುಮಾನ ಸಹಜ. ಅದನ್ನು ಬಗೆಹರಿಸಲು ಹೊಟ್ಟೆ ಬಗೆಯಬೇಕಿಲ್ಲ. ಆ್ಯಂಟಿ ಮುಲ್ಲೇರಿಯನ್ ಹಾರ್ಮೋನಿನ ರಕ್ತಪರೀಕ್ಷೆ ವೃಷಣದ ಅಂಶ ಎಲ್ಲಾದರೂ ಇದ್ದರೆ ಹೇಳುತ್ತದೆ.

ಇದೇ ಗೊಂದಲ ಮನೆನಾಯಿಗೂ ಬರಬಹುದು. ಕೆಲವೊಮ್ಮೆ ಇಳಿದದ್ದನ್ನು ತೆಗೆದು, ಒಳಗಿನದು ಸಿಗಲಿಲ್ಲವೆಂದು ಹಾಗೇ ಹೊಲಿದು ಕಳಿಸಿರುತ್ತಾರೆ. ಹೊರಗೆ ಏನೂ ಕಾಣದ ಆ ನಾಯಿಯನ್ನು ಮುಂದಿನ ಡಾಕ್ಟರು ಆಪರೇಷನ್ ಮುಗಿದದ್ದು ಎಂದೇ ತಿಳಿಯುತ್ತಾರೆ. ಗಚ್ಚಿಬೌಲಿಯ ಕುಟುಂಬಗಳು ಮೂರು–ನಾಲ್ಕು ವರ್ಷಕ್ಕೊಮ್ಮೆ ಊರು ಬದಲಿಸುವವು. ನಾಯಿಯ ಜತೆ ಹೋಗುವುದು ಲಸಿಕೆಯ ಪುಸ್ತಕವೊಂದೇ. ಆದ್ದರಿಂದ ಆಪರೇಷನ್ ಮುಗಿದ ಮೇಲೆ ತೆಗೆದದ್ದನ್ನು ಕಣ್ಣಾರೆ ತೋರಿಸಲು ಕೇಳಿ. ನಾಯಿಗೆ ವಯಸ್ಸಾಗಿದ್ದರೆ, ಅಥವಾ ತೆಗೆದದ್ದು ದಪ್ಪಗೆ, ಗಂಟುಗಂಟಾಗಿ ಕಂಡರೆ, ಲ್ಯಾಬಿಗೆ ಕಳಿಸಲು ಹೇಳಿ. ಎಷ್ಟು ತೆಗೆದರು, ಒಳಗಿನದು ಎಲ್ಲಿತ್ತು, ಯಾವ ದಿನ ಎಂಬುದನ್ನು ಆ ಪುಸ್ತಕದ ಕೊನೆಯ ಪುಟದಲ್ಲಿ ಡಾಕ್ಟರ ಕೈಯಲ್ಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ.